ಬೆಲೆಪಟ್ಟಿಯಲ್ಲಿ ಪೌಂಡ್, ಪೆಟ್ಟಿಗೆಯಲ್ಲಿ ಸಿ.ಡಿ.

ಪ್ರಶ್ನೆ: ನಾಲ್ಕು ವರ್ಷಗಳ ಹಿಂದೆ ಬೆಂಗಳೂರಿನಿಂದ ಬಂದು ಮಿಲ್ಟನ್ ಕೀನ್ಸ್‌ನಲ್ಲಿ ನೆಲೆಸಿದ್ದೇನೆ. ಹೊಸ ಲ್ಯಾಪ್‌ಟಾಪ್ ಕೊಳ್ಳಬೇಕಾಗಿದೆ. 2025ರಲ್ಲಿ ಅಮೆರಿಕದಲ್ಲಿ 999 ಡಾಲರಿಗೆ ಬಿಡುಗಡೆಯಾದ ಮ್ಯಾಕ್‌ಬುಕ್ ಏರ್ ಇಲ್ಲಿ ಬಂದದ್ದು 999 ಪೌಂಡಿಗೆ. ಡಾಲರಿನ ಗುರುತು ಅಳಿಸಿ ಪೌಂಡಿನ ಗುರುತು ಹಾಕಿದ್ದಾರೆ, ಅಷ್ಟೇ ಎನಿಸುತ್ತದೆ. ಕ್ಯಾಲಿಫೋರ್ನಿಯಾದಿಂದ ಬರಲಿರುವ ತಂಗಿಯ ಕೈಯಲ್ಲಿ ತರಿಸುವುದು ಮೇಲೇ? ಎರಡನೆಯದಾಗಿ, ಶಿವಮೊಗ್ಗದ ಮನೆಯಲ್ಲಿ ತಂದೆಯವರ ಸುಮಾರು 60 ಭಾವಗೀತೆಯ ಸಿ.ಡಿ.ಗಳೂ ಅವರೇ ಮುದ್ರಿಸಿಕೊಂಡ ಕೆಲವು ತಾಳಮದ್ದಳೆಯ ಕ್ಯಾಸೆಟ್‌ಗಳೂ ಇವೆ. ಮುಂದಿನ ರಜೆಯಲ್ಲಿ ತಂದು ಫೋನಿಗೆ ಹಾಕಿಕೊಳ್ಳಬೇಕೆಂದಿದ್ದೆ. ಬ್ರಿಟನ್ನಿನಲ್ಲಿ ಅದು ಅಪರಾಧ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಹಣ ಕೊಟ್ಟು ಕೊಂಡದ್ದನ್ನು ನಾವೇ ಕೇಳಲು ಯಾರ ಅಪ್ಪಣೆ ಬೇಕು?

ಉತ್ತರ: ನಿಮ್ಮ ಎರಡು ದೂರುಗಳಲ್ಲಿ ಮೊದಲನೆಯದರಲ್ಲಿ ಹುರುಳು ಕಡಿಮೆ, ಎರಡನೆಯದರಲ್ಲಿ ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು. ಬ್ರಿಟನ್ನಿನ ಗ್ರಾಹಕರು ಬೆಲೆಯ ವಿಷಯದಲ್ಲಿ ಗೊಣಗುವಷ್ಟು ಕೃತಿಸ್ವಾಮ್ಯದ (ಕಾಪಿರೈಟ್) ವಿಷಯದಲ್ಲಿ ಗೊಣಗುವುದಿಲ್ಲ. ನಿಜವಾದ ನಷ್ಟ ಆಗುತ್ತಿರುವುದು ಮಾತ್ರ ಅಲ್ಲಿ ಎಂಬುದು ನನ್ನ ಅಭಿಪ್ರಾಯ.

ಮೊದಲು ಬೆಲೆಯ ಲೆಕ್ಕ. ಬ್ರಿಟನ್ನಿನ ಅಂಗಡಿಯಲ್ಲಿ ಗ್ರಾಹಕರಿಗೆ ತೋರಿಸುವ ಬೆಲೆಯಲ್ಲಿ ವ್ಯಾಟ್ ಸೇರಿರಲೇಬೇಕು ಎಂಬುದು ಕಾನೂನು. ಅಮೆರಿಕದ ಬೆಲೆಯಲ್ಲಿ ಮಾರಾಟ ತೆರಿಗೆ ಸೇರಿರುವುದಿಲ್ಲ, ಏಕೆಂದರೆ ಅಲ್ಲಿ ಅದು ರಾಜ್ಯದಿಂದ ರಾಜ್ಯಕ್ಕೆ, ಊರಿನಿಂದ ಊರಿಗೆ ಬೇರೆಯಾಗುತ್ತದೆ. ಇಲ್ಲಿನ ವ್ಯಾಟ್ 2011ರ ಜನವರಿಯಿಂದ 20%. ಆದ್ದರಿಂದ ನೀವು ಹೇಳುವ 999 ಪೌಂಡನ್ನು 1.2ರಿಂದ ಭಾಗಿಸಿದರೆ ಕಂಪನಿಯ ಪಾಲಿಗೆ ಉಳಿಯುವುದು 832 ಪೌಂಡ್ 50 ಪೆನ್ನಿ. ಎಂ4 ಚಿಪ್ಪಿನ ಮ್ಯಾಕ್‌ಬುಕ್ ಏರ್ ಬಿಡುಗಡೆಯಾದ 2025ರ ಮಾರ್ಚ್‌ನಲ್ಲಿ ಪೌಂಡಿಗೆ ಸುಮಾರು 1.29 ಡಾಲರ್ ಇತ್ತು. ಆ ದರದಲ್ಲಿ ಇದು ಸುಮಾರು 1,074 ಡಾಲರ್. ಅಂದರೆ ಕಂಪನಿ ಇಲ್ಲಿ ಹೆಚ್ಚಾಗಿ ತೆಗೆದುಕೊಂಡದ್ದು 75 ಡಾಲರಿನಷ್ಟು, ಸುಮಾರು 58 ಪೌಂಡ್. ಇದು ಸಣ್ಣ ಮೊತ್ತವೇನಲ್ಲ, ಆದರೆ ಗುರುತು ನೋಡಿದಾಗ ಕಣ್ಣಿಗೆ ಕಾಣುವ ಅಂತರದ ಸುಮಾರು ಕಾಲು ಭಾಗ ಮಾತ್ರ.

ತಂಗಿಯ ಕೈಯಲ್ಲಿ ತರಿಸುವ ಯೋಜನೆಯನ್ನೂ ಹೀಗೆಯೇ ಲೆಕ್ಕ ಹಾಕಿ. ಕ್ಯಾಲಿಫೋರ್ನಿಯಾದಲ್ಲಿ ಮಾರಾಟ ತೆರಿಗೆ ಕನಿಷ್ಠ 7.25%. ಅಲ್ಲಿಗೆ 999 ಡಾಲರ್ 1,071 ಡಾಲರ್ ಆಯಿತು, ಅಂದರೆ ಅದೇ ದರದಲ್ಲಿ ಸುಮಾರು 830 ಪೌಂಡ್. ವಿಮಾನದಲ್ಲಿ ಬರುವವರು ತೆರಿಗೆಯಿಲ್ಲದೆ ತರಬಹುದಾದ ಸಾಮಾನಿನ ಮಿತಿ 390 ಪೌಂಡ್. ಒಂದೇ ವಸ್ತುವಿನ ಬೆಲೆ ಆ ಮಿತಿಯನ್ನು ದಾಟಿದರೆ, ದಾಟಿದ ಭಾಗಕ್ಕಷ್ಟೇ ಅಲ್ಲ, ಪೂರ್ತಿ ಬೆಲೆಗೆ ತೆರಿಗೆ ಕಟ್ಟಬೇಕು. ಲ್ಯಾಪ್‌ಟಾಪಿಗೆ ಸೀಮಾಸುಂಕ ಇಲ್ಲ, ಆದರೆ ಆಮದಿನ ಮೇಲೆ 20% ವ್ಯಾಟ್ ಇದೆ. 830ಕ್ಕೆ 166 ಸೇರಿಸಿ: 996 ಪೌಂಡ್. ಮೂರು ಪೌಂಡ್ ಉಳಿಸಲು ತಂಗಿಯನ್ನು ಸುಂಕದ ಕಟ್ಟೆಯಲ್ಲಿ ನಿಲ್ಲಿಸುವುದು ಬೆಟ್ಟ ಅಗೆದು ಇಲಿ ಹಿಡಿದಂತಾಯಿತು. ಆಕೆ ತನ್ನ ಬಳಕೆಗೆ ತಂದು ವಾಪಸು ಒಯ್ಯುವ ಯಂತ್ರದ ಮಾತು ಬೇರೆ. ನಿಮಗೆ ಕೊಟ್ಟು ಹೋಗುವ ಉದ್ದೇಶವಿದ್ದರೆ ಘೋಷಿಸಲೇಬೇಕು, ಘೋಷಿಸದೆ ಹೊರಬರುವುದು ಹೇಗೆಂದು ನನ್ನನ್ನು ಕೇಳಬೇಡಿ. ಇದರ ಮೇಲೆ ಅಮೆರಿಕದ ಕೀಲಿಮಣೆಯಲ್ಲಿ ಎಂಟರ್ ಕೀಲಿ ಅಡ್ಡಕ್ಕೆ ಮಲಗಿರುತ್ತದೆ, 3ರ ಮೇಲೆ ಪೌಂಡಿನ ಗುರುತು ಇರುವುದಿಲ್ಲ, ಪ್ಲಗ್ಗು ಇಲ್ಲಿನ ಗೋಡೆಗೆ ಹೊಂದುವುದಿಲ್ಲ.

ಬೆಂಗಳೂರಿನಿಂದ ತಂದರೆ? ಇದೇ ಯಂತ್ರ ಅಲ್ಲಿ 99,900 ರೂಪಾಯಿಗೆ ಬಿಡುಗಡೆಯಾಯಿತು. ಆಗಿನ ದರದಲ್ಲಿ ಅದು ಸುಮಾರು 890 ಪೌಂಡ್. 18% ಜಿಎಸ್‌ಟಿ ಬಿಟ್ಟು ನೋಡಿದರೆ ಅಮೆರಿಕದ ಬೆಲೆಗಿಂತಲೂ ತುಸು ಕಡಿಮೆ. ಲಂಡನ್ನಿನಿಂದ ಬರುವಾಗ ಒಂದು ಲ್ಯಾಪ್‌ಟಾಪ್ ಹಿಡಿದುಕೊಂಡು ಬಾ ಎನ್ನುತ್ತಿದ್ದ ಚಿಕ್ಕಪ್ಪಂದಿರಿಗೆ ಈ ಅಂಕಿ ತೋರಿಸಿ. ಆದರೆ ನೀವು ಅದನ್ನು ಇಲ್ಲಿಗೆ ತರುವಾಗ ಮತ್ತೆ ಅದೇ 390ರ ಮಿತಿ, ಅದೇ 20%. ಪ್ರವಾಸಕ್ಕೆ ಬಂದ ತಂದೆತಾಯಿಯರ ಹೆಸರಿನಲ್ಲಿ ಇಲ್ಲಿ ಕೊಂಡು ಹೀಥ್ರೂವಿನಲ್ಲಿ ವ್ಯಾಟ್ ವಾಪಸು ಪಡೆಯಬಹುದೆಂದು ಇನ್ನೂ ನಂಬಿರುವವರಿದ್ದಾರೆ. ಆ ಸೌಲಭ್ಯ ಗ್ರೇಟ್ ಬ್ರಿಟನ್ನಿನಲ್ಲಿ 2020ರ ಕೊನೆಗೇ ಮುಗಿಯಿತು.

ಉಳಿದ ಅಂತರಕ್ಕೆ ಕಾರಣಗಳಲ್ಲಿ ದೊಡ್ಡದು ವಿನಿಮಯ ದರದ ಭಯ. ಕಂಪನಿಗಳು ಬೆಲೆಯನ್ನು ಒಮ್ಮೆ ಕಟ್ಟಿ ವರ್ಷದವರೆಗೆ ಹಾಗೆಯೇ ಇಡುತ್ತವೆ, ಪೌಂಡ್ ಅಷ್ಟು ಕಾಲ ಸುಮ್ಮನೆ ನಿಲ್ಲುವುದಿಲ್ಲ. 2016ರ ಜೂನ್‌ನಲ್ಲಿ ಐರೋಪ್ಯ ಒಕ್ಕೂಟ ಬಿಡುವ ಮತದಾನವಾಗಿ ಪೌಂಡ್ ಕುಸಿದ ಮೇಲೆ, ಅದೇ ಅಕ್ಟೋಬರಿನ ಒಂದು ದಿನ ಆ್ಯಪಲ್‌ನ ಮ್ಯಾಕ್ ಪ್ರೊ 2,499 ಪೌಂಡಿನಿಂದ 2,999ಕ್ಕೆ ಏರಿತು. ಅದು 2013ರಿಂದ ಒಂದು ತಿರುಪೂ ಬದಲಾಗದ ಯಂತ್ರ. ಹಾಗೆಂದು ಏರಿದ ಬೆಲೆ ಇಳಿಯುವುದೇ ಇಲ್ಲ ಎನ್ನುವುದೂ ಸರಿಯಲ್ಲ. 2022ರಲ್ಲಿ ಪೌಂಡ್ ಮಕಾಡೆ ಮಲಗಿದ್ದಾಗ ಬಂದ ಐಫೋನ್ 14ರ ಬೆಲೆ 849 ಪೌಂಡ್ ಇತ್ತು, ಪೌಂಡ್ ಚೇತರಿಸಿಕೊಂಡ ಮರುವರ್ಷ ಐಫೋನ್ 15 ಬಂದದ್ದು 799ಕ್ಕೆ.

ನಮ್ಮವರಿಗೆ ಇನ್ನೊಂದು ಗೊಂದಲವಿದೆ, ಅದನ್ನೂ ಇಲ್ಲೇ ಬಿಡಿಸುತ್ತೇನೆ. ಎಂಆರ್‌ಪಿ ನೋಡಿ ಬೆಳೆದ ನಮಗೆ ಪೆಟ್ಟಿಗೆಯ ಮೇಲೆ ಗರಿಷ್ಠ ಬೆಲೆ ಅಚ್ಚಾಗಿರಬೇಕು ಎನಿಸುತ್ತದೆ. ಬ್ರಿಟನ್ನಿನಲ್ಲಿ ಅಂಥದ್ದಿಲ್ಲ. ತಯಾರಕರು ಸೂಚಿಸುವ ಬೆಲೆ ಬರೀ ಸೂಚನೆ, ಅಂಗಡಿಯವರು ಅದಕ್ಕಿಂತ ಹೆಚ್ಚಿಗೂ ಮಾರಬಹುದು, ಕಡಿಮೆಗೂ ಮಾರಬಹುದು. ತಯಾರಕರು ಕಡಿಮೆಗೆ ಮಾರಬೇಡಿ ಎಂದು ಅಂಗಡಿಯ ಕೈ ಹಿಡಿದರೆ ಅದು ಸ್ಪರ್ಧಾ ಕಾನೂನಿನ ಉಲ್ಲಂಘನೆ. ಡಿಜಿಟಲ್ ಪಿಯಾನೊಗಳಿಗೆ ಆನ್‌ಲೈನ್ ಅಂಗಡಿಗಳು ರಿಯಾಯಿತಿ ಕೊಡದಂತೆ ತಡೆದದ್ದಕ್ಕಾಗಿ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರವು 2019ರಲ್ಲಿ ಕ್ಯಾಸಿಯೊ ಕಂಪನಿಗೆ 37 ಲಕ್ಷ ಪೌಂಡ್ ದಂಡ ವಿಧಿಸಿತು, ಮರುವರ್ಷ ಗಿಟಾರಿನ ಫೆಂಡರ್‌ಗೆ 45 ಲಕ್ಷ. ಆದ್ದರಿಂದ ತಯಾರಕರ ಸ್ವಂತ ಅಂಗಡಿಯ ಬೆಲೆಯೊಂದನ್ನೇ ನೋಡಿ ಬೇಸರಪಡಬೇಡಿ, ಬೇರೆ ಮೂರು ಕಡೆ ವಿಚಾರಿಸಿ.

ಆ 58 ಪೌಂಡಿಗೆ ಪ್ರತಿಯಾಗಿ ನಿಮಗೆ ಸಿಗುವುದೇನು ಎಂಬುದು ಮುಖ್ಯ, ಮತ್ತು ಇಲ್ಲಿನ ಬಹುಪಾಲು ಜನ ಇದನ್ನು ಬಳಸಿಕೊಳ್ಳುವುದೇ ಇಲ್ಲ. 2015ರ ಗ್ರಾಹಕ ಹಕ್ಕುಗಳ ಕಾಯಿದೆಯ ಪ್ರಕಾರ ಮಾರಿದ ವಸ್ತು ತೃಪ್ತಿಕರ ಗುಣಮಟ್ಟದ್ದಾಗಿರಬೇಕು, ನ್ಯಾಯವಾಗಿ ನಿರೀಕ್ಷಿಸಬಹುದಾದಷ್ಟು ಕಾಲ ಬಾಳಬೇಕು. ದೋಷ ಕಂಡರೆ 30 ದಿನಗಳೊಳಗೆ ವಾಪಸು ಕೊಟ್ಟು ಪೂರ್ತಿ ಹಣ ಕೇಳಬಹುದು. ಆರು ತಿಂಗಳೊಳಗೆ ಕೆಟ್ಟರೆ ದೋಷ ಮೊದಲಿನಿಂದಲೇ ಇತ್ತೆಂದು ಕಾನೂನು ಭಾವಿಸುತ್ತದೆ, ಇರಲಿಲ್ಲವೆಂದು ತೋರಿಸುವ ಹೊಣೆ ಅಂಗಡಿಯದು. ಆಮೇಲೆ ಸಾಬೀತುಪಡಿಸುವ ಹೊಣೆ ನಮ್ಮದು, ಆದರೆ ದಾವೆ ಹೂಡುವ ಅವಧಿ ಇಂಗ್ಲೆಂಡಿನಲ್ಲಿ ಆರು ವರ್ಷ, ಸ್ಕಾಟ್ಲೆಂಡಿನಲ್ಲಿ ಐದು. ಎಲ್ಲ ವಸ್ತುವೂ ಆರು ವರ್ಷ ಬಾಳಬೇಕೆಂದು ಇದರ ಅರ್ಥವಲ್ಲ. ತಯಾರಕರ ಒಂದು ವರ್ಷದ ವಾರಂಟಿ ಮುಗಿದರೆ ಎಲ್ಲವೂ ಮುಗಿಯಿತೆಂಬುದು ಸುಳ್ಳು ಎಂದಷ್ಟೇ ಅರ್ಥ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಹತ್ತೊಂಬತ್ತು ತಿಂಗಳು ಬಳಸಿದ ಲ್ಯಾಪ್‌ಟಾಪಿನ ಪರದೆಯ ಎಡಗೀಲು ಒಂದು ದಿನ ಟಕ್ಕೆಂದಿತು. ಅಂದಿನಿಂದ ತೆರೆದಾಗಲೆಲ್ಲ ಪರದೆಯ ಅಂಚು ಕವಚದಿಂದ ಬಿಟ್ಟುಕೊಂಡು ಬಾಯಿ ತೆರೆಯುತ್ತಿತ್ತು. ಕೊಂಡ ಅಂಗಡಿಗೆ ಒಯ್ದರೆ ಮೇಜಿನ ಹಿಂದಿನ ಹುಡುಗ ರಸೀತಿಯ ತಾರೀಕು ನೋಡಿ, ವಾರಂಟಿ ಮುಗಿದಿದೆ, ತಯಾರಕರನ್ನು ಕೇಳಿ ಎಂದು ತಲೆ ಎತ್ತದೆ ಹೇಳಿದ. ನಾನು ಸಣ್ಣ ರಿಪೇರಿ ಅಂಗಡಿಯೊಂದರಿಂದ ಎರಡು ಸಾಲಿನ ವರದಿ ಬರೆಸಿಕೊಂಡೆ: ಕೀಲಿನ ತಿರುಪು ಕೂರುವ ಪ್ಲಾಸ್ಟಿಕ್ ಗೂಡು ಒಡೆದಿದೆ, ಬಿದ್ದ ಅಥವಾ ಬಡಿದ ಗುರುತಿಲ್ಲ. ಅದನ್ನು ಲಗತ್ತಿಸಿ, ನನ್ನ ಒಪ್ಪಂದ ಇರುವುದು ಮಾರಿದವರ ಜೊತೆಗೇ ಹೊರತು ತಯಾರಿಸಿದವರ ಜೊತೆಗಲ್ಲ ಎಂದು ಕಾಯಿದೆಯ ಹೆಸರಿನೊಂದಿಗೆ ಪತ್ರ ಬರೆದೆ. ಮೂರನೆಯ ವಾರ ದುರಸ್ತಿಯ ಹಣ ಬಂತು, ವರದಿ ಬರೆಸಿದ ಹಣವೂ ಸೇರಿ. ವಾದಕ್ಕೆ ನಿಂತಿದ್ದರೆ ಹುಡುಗನೇ ಗೆಲ್ಲುತ್ತಿದ್ದ, ಕೆಲಸ ಮಾಡಿದ್ದು ಕಾಗದ. ಅಮೆರಿಕದಲ್ಲಿ ಕೊಂಡ ಯಂತ್ರಕ್ಕೆ ಈ ಕಾಯಿದೆ ಅನ್ವಯವಾಗುವುದಿಲ್ಲ. ಜೊತೆಗೆ ಇನ್ನೊಂದು: ಕ್ರೆಡಿಟ್ ಕಾರ್ಡಿನಲ್ಲಿ ಕೊಳ್ಳಿ. ಬೆಲೆ 100 ಪೌಂಡಿಗಿಂತ ಹೆಚ್ಚಿದ್ದು 30,000 ಮೀರದಿದ್ದರೆ, 1974ರ ಗ್ರಾಹಕ ಸಾಲ ಕಾಯಿದೆಯ 75ನೇ ಸೆಕ್ಷನ್ ಪ್ರಕಾರ ಅಂಗಡಿಯಷ್ಟೇ ಹೊಣೆ ಕಾರ್ಡಿನ ಬ್ಯಾಂಕಿಗೂ ಇರುತ್ತದೆ. ಅಂಗಡಿ ಬಾಗಿಲು ಹಾಕಿದರೂ ನಿಮ್ಮ ಹಣಕ್ಕೆ ಉತ್ತರ ಕೊಡುವವರೊಬ್ಬರು ಇರುತ್ತಾರೆ.

ಇನ್ನು ಹಾಡು. ಬೆಲೆಯ ಪ್ರಶ್ನೆಗೂ ಕೃತಿಸ್ವಾಮ್ಯದ ಪ್ರಶ್ನೆಗೂ ಇರುವ ನಂಟನ್ನು ಎತ್ತಿ ತೋರಿಸಿದ್ದು ಆ್ಯಪಲ್‌ನ ಆನ್‌ಲೈನ್ ಹಾಡಿನಂಗಡಿ ಐಟ್ಯೂನ್ಸ್. 2004ರಲ್ಲಿ ಅದು ಯುರೋಪಿಗೆ ಬಂದಾಗ ಒಂದು ಹಾಡಿಗೆ ಜರ್ಮನಿ, ಫ್ರಾನ್ಸ್‌ಗಳಲ್ಲಿ 99 ಸೆಂಟ್, ಬ್ರಿಟನ್ನಿನಲ್ಲಿ 79 ಪೆನ್ನಿ. ಆಗಿನ ದರದಲ್ಲಿ ಬ್ರಿಟಿಷರು ಹೆಚ್ಚು ಕೊಡುತ್ತಿದ್ದರು, ಅಗ್ಗದ ಫ್ರೆಂಚ್ ಅಂಗಡಿಯಿಂದ ಕೊಳ್ಳಲು ಬ್ರಿಟಿಷ್ ಕಾರ್ಡಿಗೆ ಅವಕಾಶವಿರಲಿಲ್ಲ. ಗ್ರಾಹಕ ಸಂಘ 'ವಿಚ್?' ದೂರು ಕೊಟ್ಟಿತು, ದೂರು ಐರೋಪ್ಯ ಆಯೋಗಕ್ಕೆ ಹೋಯಿತು, 2008ರ ಜನವರಿಯಲ್ಲಿ ಬ್ರಿಟನ್ನಿನ ಬೆಲೆಯನ್ನು ಸರಿಸಮ ಮಾಡುತ್ತೇವೆಂದು ಆ್ಯಪಲ್ ಒಪ್ಪಿಕೊಂಡಿತು. ಅದೇ ವರ್ಷದ ಕೊನೆಗೆ ಪೌಂಡ್ ಬಿದ್ದು ಹೆಚ್ಚುಕಡಿಮೆ ಯೂರೋದ ಮಟ್ಟಕ್ಕೆ ಬಂದು, 79 ಪೆನ್ನಿ 99 ಸೆಂಟಿಗಿಂತ ಕಡಿಮೆಯಾಯಿತು ಎಂಬುದು ಬೇರೆ ತಮಾಷೆ. ಆದರೆ ಆಯೋಗ ಕಂಡುಕೊಂಡ ಸಂಗತಿ ಗಮನಿಸಬೇಕಾದ್ದು: ದೇಶಕ್ಕೊಂದು ಅಂಗಡಿ ಇರುವುದಕ್ಕೆ ಕಾರಣ ಧ್ವನಿಮುದ್ರಣ ಕಂಪನಿಗಳೊಂದಿಗಿನ ಒಳಒಪ್ಪಂದವಲ್ಲ, ದೇಶಕ್ಕೊಂದು ಬಗೆಯ ಕೃತಿಸ್ವಾಮ್ಯ ಕಾನೂನು.

ಆ ಕಾನೂನು ಬ್ರಿಟನ್ನಿನಲ್ಲಿ ಹೇಗಿದೆ? 1988ರ ಕೃತಿಸ್ವಾಮ್ಯ ಕಾಯಿದೆಯಲ್ಲಿ, ತಾನು ಕೊಂಡ ಸಿ.ಡಿ.ಯನ್ನು ತನ್ನದೇ ಉಪಯೋಗಕ್ಕೆ ಪ್ರತಿ ಮಾಡಿಕೊಳ್ಳಲು ಅವಕಾಶ ಇರಲಿಲ್ಲ. ಟಿ.ವಿ. ಕಾರ್ಯಕ್ರಮವನ್ನು ಮುದ್ರಿಸಿಕೊಂಡು ಬಿಡುವಾದಾಗ ನೋಡಲು ಅನುಮತಿ ಇತ್ತು, ಈಗಲೂ ಇದೆ. ಹಣ ಕೊಟ್ಟ ಹಾಡಿಗೆ ಮಾತ್ರ ಇಲ್ಲ. ಸರ್ಕಾರವೇ ಮಾಡಿಸಿದ ಎರಡು ಪರಿಶೀಲನೆಗಳು, 2006ರಲ್ಲಿ ಗವರ್ಸ್ ಅವರದೂ 2011ರಲ್ಲಿ ಹಾರ್‌ಗ್ರೀವ್ಸ್ ಅವರದೂ, ಇದು ಬದಲಾಗಬೇಕೆಂದವು. ಕೊನೆಗೆ 2014ರ ಅಕ್ಟೋಬರ್ 1ರಂದು 28ಬಿ ಎಂಬ ಸೆಕ್ಷನ್ ಸೇರಿತು: ನ್ಯಾಯವಾಗಿ ಕೊಂಡ ಪ್ರತಿಯಿಂದ, ಸ್ವಂತ ಉಪಯೋಗಕ್ಕೆ, ಪ್ರತಿ ಮಾಡಿಕೊಳ್ಳಬಹುದು. ಅದರ ಆಯುಸ್ಸು ಹತ್ತು ತಿಂಗಳೂ ಇರಲಿಲ್ಲ. ಸಂಗೀತಗಾರರ ಒಕ್ಕೂಟವೂ ಸಂಗೀತ ಉದ್ಯಮದ ಇತರ ಸಂಸ್ಥೆಗಳೂ ಹೈಕೋರ್ಟಿಗೆ ಹೋದವು. ಆಗ ಬ್ರಿಟನ್ನನ್ನು ಕಟ್ಟಿಹಾಕಿದ್ದ ಐರೋಪ್ಯ ನಿರ್ದೇಶನದ ಪ್ರಕಾರ ಇಂಥ ವಿನಾಯಿತಿ ಕೊಡುವುದಾದರೆ ಹಕ್ಕುದಾರರಿಗೆ ನ್ಯಾಯವಾದ ಪರಿಹಾರ ಕೊಡಬೇಕು. ಅವರಿಗಾಗುವ ನಷ್ಟ ಲೆಕ್ಕಕ್ಕಿಲ್ಲದಷ್ಟು ಸಣ್ಣದು, ಆದ್ದರಿಂದ ಪರಿಹಾರ ಬೇಡ ಎಂದು ಸರ್ಕಾರ ವಾದಿಸಿತು. ಆ ತೀರ್ಮಾನಕ್ಕೆ ಸಾಕಷ್ಟು ಆಧಾರವಿಲ್ಲವೆಂದು ನ್ಯಾಯಮೂರ್ತಿ ಗ್ರೀನ್ ಅವರು 2015ರ ಜೂನ್‌ನಲ್ಲಿ ಹೇಳಿ, ಜುಲೈ 17ರಂದು ನಿಯಮವನ್ನೇ ರದ್ದುಗೊಳಿಸಿದರು. ಐರೋಪ್ಯ ಒಕ್ಕೂಟದ ಕಟ್ಟು ಕಳಚಿದ ಮೇಲೂ ಯಾವ ಸರ್ಕಾರವೂ ಅದನ್ನು ಮರಳಿ ತಂದಿಲ್ಲ.

ಹಾಗಾಗಿ ನಿಮ್ಮ ಸಹೋದ್ಯೋಗಿ ಹೇಳಿದ್ದು ಅರ್ಧ ನಿಜ. ಮಿಲ್ಟನ್ ಕೀನ್ಸ್‌ನ ನಿಮ್ಮ ಮನೆಯಲ್ಲಿ ಕುಳಿತು ಸಿ.ಡಿ.ಯನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವುದು ಕೃತಿಸ್ವಾಮ್ಯದ ಉಲ್ಲಂಘನೆ. ಆದರೆ ಅದು ಸಿವಿಲ್ ಸ್ವರೂಪದ ತಪ್ಪು, ಪೊಲೀಸರು ಬರುವ ಅಪರಾಧವಲ್ಲ. ಯಾರೂ ನಿಮ್ಮ ಮೇಲೆ ದಾವೆ ಹೂಡುವುದೂ ಇಲ್ಲ. ಸ್ವಂತಕ್ಕೆ ಪ್ರತಿ ಮಾಡಿಕೊಳ್ಳುವವರ ಬೆನ್ನು ಹತ್ತುವುದಿಲ್ಲವೆಂದು ಧ್ವನಿಮುದ್ರಣ ಉದ್ಯಮದ ಸಂಘವಾದ ಬಿಪಿಐ 2006ರಷ್ಟು ಹಿಂದೆಯೇ ಹೇಳಿತ್ತು.

ಇಲ್ಲೇ ನನಗೆ ಸಿಟ್ಟು ಬರುವುದು. ಜರ್ಮನಿ 1965ರಲ್ಲೇ ಧ್ವನಿಮುದ್ರಣ ಯಂತ್ರಗಳ ಮೇಲೆ ಸಣ್ಣ ಶುಲ್ಕ ಹಾಕಿ, ಅದನ್ನು ಹಕ್ಕುದಾರರಿಗೆ ಹಂಚಿ, ಜನರಿಗೆ ಪ್ರತಿ ಮಾಡಿಕೊಳ್ಳುವ ಹಕ್ಕು ಕೊಟ್ಟಿತು. ಭಾರತ ಶುಲ್ಕವಿಲ್ಲದೆಯೇ ಕೊಟ್ಟಿತು. ಬ್ರಿಟನ್ ಎರಡರಲ್ಲಿ ಒಂದನ್ನೂ ಆರಿಸಿಕೊಳ್ಳದೆ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ಕೂತಿದೆ. ಇದರಿಂದ ಗಾಯಕರಿಗೆ ಒಂದು ಪೆನ್ನಿಯೂ ಸಿಗುವುದಿಲ್ಲ, ಕೇಳುಗರಿಗೆ ನೆಮ್ಮದಿಯೂ ಸಿಗುವುದಿಲ್ಲ. 1980ರ ದಶಕದಲ್ಲಿ ಆಮ್‌ಸ್ಟ್ರಾಡ್ ಕಂಪನಿ ಎರಡು ಕ್ಯಾಸೆಟ್ ಗೂಡುಗಳಿದ್ದ, ವೇಗವಾಗಿ ನಕಲು ಮಾಡುವ ಯಂತ್ರವನ್ನು ಮಾರಿತು. ನಿಮ್ಮ ಮೆಚ್ಚಿನ ಕ್ಯಾಸೆಟ್‌ಗಳನ್ನೂ ನಕಲು ಮಾಡಿಕೊಳ್ಳಬಹುದೆಂದು ದೊಡ್ಡ ಅಕ್ಷರದಲ್ಲಿ ಜಾಹೀರಾತು, ಅದಕ್ಕೆ ಅನುಮತಿ ಬೇಕಾಗಬಹುದೆಂದು ಚುಕ್ಕಿ ಹಾಕಿ ಸಣ್ಣ ಅಕ್ಷರದಲ್ಲಿ ಅಡಿಟಿಪ್ಪಣಿ. ಮೊಕದ್ದಮೆ ಆಗ ದೇಶದ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ 1988ರಲ್ಲಿ ಆಮ್‌ಸ್ಟ್ರಾಡ್ ಗೆದ್ದಿತು: ಯಂತ್ರ ಮಾರಿದ್ದು ತಪ್ಪಲ್ಲ, ತಪ್ಪು ಮಾಡುವವರು ಮನೆಯಲ್ಲಿ ಕೂತು ಗುಂಡಿ ಒತ್ತುವವರು. ಜನ ಇಷ್ಟು ತಾತ್ಸಾರದಿಂದ ಕಾಣುವ ಕಾನೂನನ್ನು ತಿದ್ದಬೇಕು, ಇಲ್ಲವೇ ತೆಗೆದುಹಾಕಬೇಕು ಎಂಬರ್ಥದ ಮಾತನ್ನು ಆ ತೀರ್ಪಿನಲ್ಲಿ ಲಾರ್ಡ್ ಟೆಂಪಲ್‌ಮನ್ ಆಡಿದ್ದರು. ಅಂದಿನ ಕ್ಯಾಸೆಟ್ ಯಂತ್ರ ಗುಜರಿಗೆ ಹೋಯಿತು, ಕಾನೂನು ಹಾಗೆಯೇ ಇದೆ.

ಸಿ.ಡಿ. ಬಿಟ್ಟು ಬರೀ ಕಡತವಾಗಿ ಕೊಂಡರೆ ಸ್ಥಿತಿ ಇನ್ನೂ ತೆಳು. ಕಡತ ಕೆಟ್ಟಿದ್ದರೆ ಸರಿಪಡಿಸಿ ಕೊಡಬೇಕೆಂಬ ರಕ್ಷಣೆ 2015ರ ಕಾಯಿದೆಯಲ್ಲಿದೆ. ಆದರೆ ಓದಿ ಮುಗಿಸಿದ ಇ-ಪುಸ್ತಕವನ್ನು ಇನ್ನೊಬ್ಬರಿಗೆ ಮಾರುವ ಹಕ್ಕಿಲ್ಲವೆಂದು ಐರೋಪ್ಯ ನ್ಯಾಯಾಲಯ 2019ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಬ್ರಿಟನ್ ಒಕ್ಕೂಟ ಬಿಡುವ ಮೊದಲೇ ಬಂದ ಆ ತೀರ್ಪು ಇಲ್ಲಿಯೂ ಉಳಿದುಕೊಂಡಿದೆ. ತೆರಿಗೆಯವರು ಮಾತ್ರ ತಡವಾಗಿ ಒಂದು ಉಪಕಾರ ಮಾಡಿದರು: ಅಚ್ಚಿನ ಪುಸ್ತಕಕ್ಕೆ ಎಂದೂ ಇರದಿದ್ದ ವ್ಯಾಟನ್ನು ಇ-ಪುಸ್ತಕಕ್ಕೂ 2020ರ ಮೇ 1ರಿಂದ ಸೊನ್ನೆ ಮಾಡಿದರು. ಅದೇ ಪುಸ್ತಕವನ್ನು ಯಾರೋ ಓದಿ ಹೇಳುವ ಆಡಿಯೊ ರೂಪದಲ್ಲಿ ಕೊಂಡರೆ ಈಗಲೂ 20% ಇದೆ. ಕಣ್ಣಿನಿಂದ ಓದಿದರೆ ಓದು, ಕಿವಿಯಿಂದ ಓದಿದರೆ ಮೋಜು ಎಂದು ಖಜಾನೆಯವರ ತಿಳಿವಳಿಕೆ ಇರಬೇಕು.

ಈಗ ನಿಮ್ಮ ತಂದೆಯವರ ಸಂಗ್ರಹಕ್ಕೆ ಬರುತ್ತೇನೆ. ಸಿ.ಡಿ.ಗಳು ಇನ್ನೂ ಶಿವಮೊಗ್ಗದಲ್ಲೇ ಇರುವುದು ನಿಮ್ಮ ಅದೃಷ್ಟ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಸೆಕ್ಷನ್, ಖಾಸಗಿ ಅಥವಾ ವೈಯಕ್ತಿಕ ಉಪಯೋಗಕ್ಕಾಗಿ ನ್ಯಾಯೋಚಿತವಾಗಿ ಬಳಸುವುದು ಉಲ್ಲಂಘನೆಯಲ್ಲ ಎನ್ನುತ್ತದೆ. ಕಂಪ್ಯೂಟರ್ ತಂತ್ರಾಂಶವನ್ನು ಬಿಟ್ಟು ಉಳಿದೆಲ್ಲ ಕೃತಿಗಳಿಗೂ ಇದು ಅನ್ವಯಿಸುತ್ತದೆ. ಆದ್ದರಿಂದ ರಜೆಯಲ್ಲಿ ಅಲ್ಲೇ ಕುಳಿತು 60 ಸಿ.ಡಿ.ಗಳನ್ನೂ ಲ್ಯಾಪ್‌ಟಾಪಿಗೆ ಇಳಿಸಿ. ಹಾಗೆ ಮಾಡಿದ ಪ್ರತಿಯನ್ನು ಬ್ರಿಟನ್ನಿಗೆ ತರುವುದೂ ತೊಂದರೆಯಲ್ಲ, ಏಕೆಂದರೆ ಆಮದಿಗೆ ಸಂಬಂಧಿಸಿದ ಇಲ್ಲಿನ 22ನೇ ಸೆಕ್ಷನ್ ಖಾಸಗಿ ಮತ್ತು ಗೃಹಬಳಕೆಗೆ ತಂದದ್ದನ್ನು ಹೊರಗಿಟ್ಟಿದೆ. ಒಂದೇ ಹಾಡು, ಒಂದೇ ಸಿ.ಡಿ., ಒಂದೇ ಲ್ಯಾಪ್‌ಟಾಪ್. ಇಳಿಸಿಕೊಂಡದ್ದು ತುಂಗೆಯ ದಡದಲ್ಲಾದರೆ ಸರಿ, ಮಿಲ್ಟನ್ ಕೀನ್ಸ್‌ನಲ್ಲಾದರೆ ತಪ್ಪು. ಅಲ್ಲಿಂದ ಮುಂದೆ ಇಲ್ಲಿ ನಿಮ್ಮ ಫೋನು ಬದಲಾದಾಗ ಕಡತಗಳು ಮತ್ತೊಮ್ಮೆ ನಕಲಾಗುತ್ತವಲ್ಲ ಎಂದು ಕೇಳಬೇಡಿ, ಆ ಪ್ರಶ್ನೆಗೆ ಈ ದೇಶದ ಕಾನೂನಿನಲ್ಲಿ ಮರ್ಯಾದೆಯ ಉತ್ತರವಿಲ್ಲ. ಮೂಲ ಸಿ.ಡಿ.ಗಳನ್ನು ಮಾರಬೇಡಿ, ಯಾರಿಗೂ ಕೊಟ್ಟುಬಿಡಬೇಡಿ. ಮಾಲು ಕೊಟ್ಟು ಪ್ರತಿ ಇಟ್ಟುಕೊಂಡರೆ ಸ್ವಂತ ಉಪಯೋಗ ಎಂಬ ಸಮರ್ಥನೆ ಎರಡೂ ದೇಶಗಳಲ್ಲಿ ಕುಸಿಯುತ್ತದೆ.

ತಾಳಮದ್ದಳೆಯ ಕ್ಯಾಸೆಟ್‌ಗಳ ಮಾತು ಬೇರೆ. ತಂದೆಯವರೇ ಮುದ್ರಿಸಿಕೊಂಡದ್ದಾದರೆ ಆ ಮುದ್ರಣದಲ್ಲಿ ಯಾವ ಕಂಪನಿಗೂ ಪಾಲಿಲ್ಲ, ಅದರ ಹಕ್ಕು ಮುದ್ರಿಸಿದವರದು. ಆದರೆ ಅರ್ಥಗಾರಿಕೆ ಆಶುವಾಗಿ ಹುಟ್ಟುವ ಮಾತು, ಭಾಗವತಿಕೆ ಆ ರಾತ್ರಿಯ ಹಾಡು, ಅವುಗಳಲ್ಲಿ ಕಲಾವಿದರಿಗೆ ತಮ್ಮದೇ ಹಕ್ಕುಗಳಿವೆ. ಮನೆಯಲ್ಲಿ ಕೇಳುವುದಕ್ಕೆ ಯಾರೂ ಅಡ್ಡಿ ಬರುವುದಿಲ್ಲ. ಎಲ್ಲರೂ ಕೇಳಲೆಂದು ಯೂಟ್ಯೂಬಿಗೆ ಏರಿಸುವ ಮನಸ್ಸಾದರೆ ಮಾತ್ರ ಅವರನ್ನು, ಅವರು ಇಲ್ಲದಿದ್ದರೆ ಮನೆಯವರನ್ನು ಕೇಳಿ. ರಜೆಯಲ್ಲಿ ದಿನಗಳು ಕಡಿಮೆ ಬಿದ್ದರೆ ಈ ಕ್ಯಾಸೆಟ್‌ಗಳನ್ನೇ ಮೊದಲು ಮುಗಿಸಿ. ಒಂದು ರಾತ್ರಿಯ ಪ್ರಸಂಗವನ್ನು ಇಳಿಸಲು ಅಷ್ಟೇ ಗಂಟೆ ಬೇಕಾಗುತ್ತದೆ. ಭಾವಗೀತೆಯ ಸಿ.ಡಿ. ಬೇರೆಯವರ ಮನೆಯಲ್ಲೂ ಇದ್ದೀತು, ಈ ಕ್ಯಾಸೆಟ್ ನಿಮ್ಮಲ್ಲಿ ಬಿಟ್ಟು ಇನ್ನೆಲ್ಲೂ ಇಲ್ಲದಿರಬಹುದು. ಪ್ಲೇಯರಿಗೆ ಹಾಕುವ ಮುನ್ನ ಪೆನ್ಸಿಲಿನಿಂದ ಎರಡು ಸುತ್ತು ಕೈಯಲ್ಲೇ ತಿರುಗಿಸಿ ನೋಡಿ. ಟೇಪು ಅಂಟಿಕೊಂಡಿದ್ದರೆ ಯಂತ್ರ ಎಳೆದು ಹರಿಯುತ್ತದೆ, ಬೆರಳಿಗೆ ಮೊದಲೇ ಗೊತ್ತಾಗುತ್ತದೆ.